ಏಳನೇ ಕುಳಿಯ ಮರಳು

"ಮೆಟ್ಬ್ಯಾಡಿ ಮೇಡಮ್ಮೋರೆ! ಆ ಮರಳ ಮ್ಯಾಲೆ ಕಾಲಿಕ್ಬ್ಯಾಡಿ!"

ಸಬ್ ಇನ್ಸ್‌ಪೆಕ್ಟರ್ ಪದ್ಮಿನಿ ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡಳು. ದಿಬ್ಬದ ಕೆಳಗಿನಿಂದ ಮಾರಯ್ಯ ಏದುಸಿರು ಬಿಡುತ್ತ ಓಡಿ ಬರುತ್ತಿದ್ದ. ಅರವತ್ತೆಂಟು ವಯಸ್ಸು, ತಲೆಗೆ ಸುತ್ತಿದ ಟವೆಲು, ಕಾಲಲ್ಲಿ ಯಾರೋ ಕೊಟ್ಟ ಹಳೆಯ ಬಿಳಿ ಶೂ.

"ಯಾಕೆ ಮಾರಯ್ಯನೋರೆ, ಇದೇನು ಗರ್ಭಗುಡಿಯಾ?"

"ನಮ್ಗೆ ಅಂಗೇ ಅಂದ್ಕಳಿ."

ಭಾನುವಾರ ಬೆಳಿಗ್ಗೆ ಈ ಗಾಲ್ಫ್ ಮೈದಾನದ ಐದನೇ ಕುಳಿಯ ಪಕ್ಕ, ಹಳ್ಳದ ಅಂಚಿನಲ್ಲಿ, ನಿವೃತ್ತ ರೇಷ್ಮೆ ಅಧಿಕಾರಿ ಶಾಂತಮೂರ್ತಿ ತಲೆ ಒಡೆದು, ಪ್ರಜ್ಞೆ ತಪ್ಪಿ ಬಿದ್ದಿದ್ದರು. ಜೊತೆಯಲ್ಲಿ ಆಡುತ್ತಿದ್ದ ಪ್ರಭುಸ್ವಾಮಿ, ನನ್ನ ಬಾಲೇ ಬಡಿಯಿತು ಎಂದು ತಾನಾಗಿಯೇ ಒಪ್ಪಿಕೊಂಡಿದ್ದ.

ಇವತ್ತು ಮಂಗಳವಾರ. ಸಂಜೆಯೊಳಗೆ ವರದಿ ಬರೆದು ಮುಗಿಸಿ ಎಂದು ಮೇಲಿನವರ ಫೋನು ಎರಡು ಸಲ ಬಂದಿತ್ತು. ಅಜಾಗರೂಕತೆ ಎಂದು ಒಂದು ಪುಟ ಬರೆದರೆ ಸಾಕು. ಆದರೂ ಪದ್ಮಿನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮೂರು ದಿನದಲ್ಲಿ ಮೂರನೇ ಸಲ ಕೊಳ್ಳೇಗಾಲ–ಹನೂರು ರಸ್ತೆ ಪಕ್ಕದ ಈ ಕಲ್ಲುಭೂಮಿಗೆ ಬಂದಿದ್ದಳು.

ಈ ಭೂಮಿ ಮಾರಯ್ಯನದು. ಬೆಂಗಳೂರಿನ ದೊಡ್ಡ ಗಾಲ್ಫ್ ಮೈದಾನವೊಂದರಲ್ಲಿ ಮೂವತ್ತೊಂದು ವರ್ಷ ಬೇರೆಯವರ ಸ್ಟಿಕ್ಕು ಹೊತ್ತು, ಕೊನೆಗೆ ಊರಿಗೆ ಬಂದು, ರಾಗಿಯೂ ಬೆಳೆಯದ ಹೊಲದಲ್ಲಿ ಒಂಬತ್ತು ಕುಳಿ ತೋಡಿದ್ದ. ಮೊದಲು ನಕ್ಕವರೇ ಆಮೇಲೆ ಆಡಲು ಬಂದರು. ಈಗ ಕೊಳ್ಳೇಗಾಲ, ಹನೂರು, ಯಳಂದೂರಿನಿಂದ ಹದಿನಾರು ಜನ. ಪ್ರತಿ ಭಾನುವಾರ ಬೆಳಿಗ್ಗೆ ಆಟ.

"ಬೆಂಗ್ಳೂರಲ್ಲಿ ಕುಳಿ ಸುತ್ತ ಉಲ್ಲು ಇರ್ತದೆ ಮೇಡಮ್ಮೋರೆ. ನಮ್ಗೆಲ್ಲಿ ನೀರು? ಅದ್ಕೇ ಮರಳಿಗೆ ಸುಟ್ಟ ಆಯ್ಲು ಕಲ್ಸಿ ಅರಡೀವಿ. ಬಾಲು ನೆಟ್ಟಗೆ ಉಳ್ಳ್ತದೆ, ಗಾಳಿಗೆ ಮರಳೂ ಆರಲ್ಲ. ಆಟ ಮುಗುಸ್ದೋರು ಗೋಣಿತಾಟು ಎಳ್ದು, ಮರಳು ನುಣ್ಣಗೆ ಮಾಡೇ ಮುಂದುಕ್ಕೆ ಓಗ್ಬೇಕು. ಇಂದ್ಗಡೆ ಬರೋರ್ಗೆ ನಮ್ಮ ಎಜ್ಜೆ ಕಾಣ್ಬಾರ್ದು. ಅದು ನಮ್ಮ ನೇಮ..."

ಮಾರಯ್ಯ ಮರಳಿನ ಕಡೆ ನೋಡುತ್ತಿದ್ದ.

"ಇದೇನಿದು? ಎಳ್ದೇ ಇಲ್ವಲ್ಲ!"

ಏಳನೇ ಕುಳಿಯ ಸುತ್ತ, ಎಣ್ಣೆ ಕುಡಿದು ಕಪ್ಪಾದ ಮರಳಿನ ಮೇಲೆ, ಹೆಜ್ಜೆಗಳು ಅಚ್ಚು ಒತ್ತಿದಂತೆ ಉಳಿದಿದ್ದವು. ಗೋಣಿತಾಟು ಪಕ್ಕದ ಗೂಟಕ್ಕೆ ಸಿಕ್ಕಿಸಿದಂತೆಯೇ ಇತ್ತು.

"ಶನಿವಾರ ಸಂಜೆ ನಾನೇ ಒಂಬತ್ತು ಕುಳೀನೂ ಎಳ್ದು ಓಗಿವ್ನಿ," ಎಂದ ಮಾರಯ್ಯ. "ಭಾನ್ವಾರ ಅವ್ರಿಬ್ರು ಆರೂವರೆಗೇ ಒಂಟ್ರು. ಮಿಕ್ಕೋರೆಲ್ಲ ಟೀ ಕುಡ್ದು ಒಂಟಾಗ ಎಂಟು. ನಾವು ಮೂರ್ನೇ ಕುಳೀಲಿ ಇದ್ದಾಗ ಪ್ರಭುಸ್ವಾಮಿ ಕೂಕ್ಕಂಡ. ಅಲ್ಲಿಗೇ ಆಟ ನಿಲ್ತು. ಈ ತಾವ್ಕೆ ಆಮ್ಯಾಲೆ ಯಾರೂ ಬಂದಿಲ್ಲ."

"ಅಂದ್ರೆ ಇವು ಆ ಇಬ್ಬರ ಹೆಜ್ಜೆ."

"ಅವ್ರು ಐದ್ನೇ ಕುಳಿ ದಾಟೇ ಇಲ್ವಲ್ಲ ಮೇಡಮ್ಮೋರೆ?"

ಪದ್ಮಿನಿ ಫೈಲಿನಿಂದ ಮಡಿಸಿದ ಒಂದು ಗಟ್ಟಿ ಕಾಗದ ತೆಗೆದು ಅವನ ಕೈಗೆ ಕೊಟ್ಟಳು. ಮೈಸೂರಿನ ಆಸ್ಪತ್ರೆಯಿಂದ ಬೆಳಿಗ್ಗೆಯಷ್ಟೇ ಬಂದ ಬಟ್ಟೆಯ ಗಂಟಿನಲ್ಲಿ, ಶಾಂತಮೂರ್ತಿಯ ಅಂಗಿ ಜೇಬಿನಲ್ಲಿ ಅದಿತ್ತು. ಮೇಲೆ 'ಪ್ರಭುಸ್ವಾಮಿ' ಎಂದು ಹೆಸರು, ಕೆಳಗೆ ಒಂಬತ್ತು ಮನೆ.

"ಪ್ರಭುಸ್ವಾಮಿ ಕಾರ್ಡು ಶಾಂತಮೂರ್ತಿ ಜೇಬಲ್ಲಿ ಯಾಕಿತ್ತು?"

"ಅದೇ ನೇಮ. ಬಾಲು ಕುಳಿಗೆ ಇಳ್ಸೋಕೆ ಎಷ್ಟ್ ಏಟು ಒಡ್ದ್ವಿ ಅಂತ ಯಾರೂ ತಾವೇ ಬರ್ಕಳಂಗಿಲ್ಲ. ನಿಮ್ದ ನಾನು ಬರೀಬೇಕು, ನನ್ದ ನೀವು ಬರೀಬೇಕು. ಒಂದೊಂದು ಕುಳಿ ಮುಗುದ್ಮ್ಯಾಲೂ ಅಲ್ಲೇ ನಿಂತು ಬರ್ಕಬೇಕು." ಮಾರಯ್ಯ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದ. "ಇದು ಶಾಂತಮೂರ್ತಿ ಅವ್ರ ಅಕ್ಸರಾನೇ. ಪೋಣಿಸ್ದಂಗೆ ಬರೀತಾರೆ. ಒಂದು, ಎಲ್ಡು, ಮೂರು..."

ಅವನ ಬೆರಳು ಮನೆಯಿಂದ ಮನೆಗೆ ಸರಿಯಿತು. ಐದು. ಆರು. ಏಳನೇ ಮನೆಯಲ್ಲೂ ಅಂಕಿ ಇತ್ತು. ಎಂಟು, ಒಂಬತ್ತು ಖಾಲಿ.

"ಅಯ್ಯೋ ಮಾದಪ್ಪ," ಎಂದ ಮಾರಯ್ಯ ಮೆಲ್ಲಗೆ.

ಐದನೇ ಕುಳಿಯಲ್ಲಿ ತಲೆ ಒಡೆದುಕೊಂಡು ಬಿದ್ದವರು ಆರು, ಏಳನೇ ಕುಳಿಯ ಲೆಕ್ಕವನ್ನು ಪೋಣಿಸಿದಂಥ ಅಕ್ಷರದಲ್ಲಿ ಬರೆಯಲು ಸಾಧ್ಯವಿರಲಿಲ್ಲ. ಏಟು ಬಿದ್ದದ್ದು ಇಲ್ಲಿ. ಪ್ರಭುಸ್ವಾಮಿ ಹೇಳಿದ್ದು ಸುಳ್ಳು.

ಪದ್ಮಿನಿ ಮರಳಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಳು. ಒಂದು ಜೊತೆ ಅಗಲವಾದ ಶೂ. ಇನ್ನೊಂದು ಜೊತೆ ಉದ್ದನೆಯ ಶೂ, ಹಿಮ್ಮಡಿ ಸವೆದದ್ದು. ಅವೆರಡರ ನಡುವೆ, ಕುಳಿಗೆ ಎರಡು ಮಾರು ದೂರದಲ್ಲಿ, ಮೂರನೆಯದೊಂದು. ಚಿಕ್ಕದು, ಮುಂದೆ ಚೂಪು, ಹಿಂದೆ ಪುಟ್ಟ ಚೌಕದ ಗುರುತು.

"ನಿಮ್ಮ ಹದಿನಾರು ಜನದಲ್ಲಿ ಹೆಂಗಸರು ಇದ್ದಾರಾ?"

"ಇಲ್ಲ ಮೇಡಮ್ಮೋರೆ. ಬನ್ನಿ ಅಂದೆ ಕಣ್ರಿ, ಯಾರೂ ಬರ್ನಿಲ್ಲ."

ಅದು ಎತ್ತರ ಹಿಮ್ಮಡಿಯ ಚಪ್ಪಲಿಯ ಗುರುತು. ನಾಲ್ಕು ಹೆಜ್ಜೆ ಒಳಗೆ ಬಂದಿತ್ತು. ತಿರುಗಿ ಹೋದ ಹೆಜ್ಜೆಗಳು ಎರಡೇ. ಅವು ಒಂದಕ್ಕೊಂದು ದೂರ, ಮುಂಗಾಲಷ್ಟೇ ಆಳವಾಗಿ ಒತ್ತಿದ್ದವು. ಬಂದವಳು ನಡೆದು ಬಂದಿದ್ದಳು, ಹೋಗುವಾಗ ಓಡಿದ್ದಳು.

ಹೆಡ್ ಕಾನ್ಸ್‌ಟೇಬಲ್ ಚಿಕ್ಕಮಾದಯ್ಯ ರಸ್ತೆ ಕಡೆಯಿಂದ ಬೇಲಿ ದಾಟಿ ಬಂದ. ಅವನನ್ನು ಪದ್ಮಿನಿ ಸುತ್ತಮುತ್ತ ವಿಚಾರಿಸಲು ಕಳಿಸಿದ್ದಳು.

"ಮೇಡಂ, ಆಡು ಮೇಯ್ಸೋ ಪುಟ್ಟಬಸಮ್ಮ ಅನ್ನೋರು ಸಿಕ್ಕಿದ್ರು. ಭಾನ್ವಾರ ಏಳೂವರೆ ಆಜುಬಾಜು ಬಸ್ಸಿಂದ ಒಂದು ಎಂಗ್ಸು ಇಳಿತಂತೆ. ಗಿಳಿ ಅಸ್ರು ಸೀರೆ. ಈ ದಿಬ್ಬ ಅತ್ಕಂಡು ಬಂತಂತೆ. ಒಸಿ ಒತ್ತಿಗೇ ಓಡ್ಕಂಡು ಇಳ್ದು, ಅನೂರ್ ಕಡೆ ಓಗೋ ಬಸ್ಸಿಗೆ ಕೈ ಅಡ್ಡ ಇಕ್ಕಿ ಅತ್ಕಂಡು ಓಯ್ತಂತೆ."

"ಮುಖ ನೋಡಿದ್ರಂತಾ?"

"ಸೆರಗು ಮುಚ್ಕಂಡಿದ್ಲು ಅಂದ್ರು. ಅಳ್ತಿದ್ದಂಗಿತ್ತಂತೆ."

ಪದ್ಮಿನಿ ಎದ್ದು ನಿಂತಳು. ಗಂಡನ ಹಿಂದೆಯೇ ಬಸ್ಸು ಹತ್ತಿ ಬಂದು, ಮೈದಾನದ ನಡುವೆ ಜಗಳವಾಡಿ, ಅಳುತ್ತ ಓಡುವ ಹೆಂಗಸು ಯಾರಿರಬಹುದು? ಅದಕ್ಕೆ ಬಹಳ ಯೋಚಿಸಬೇಕಾಗಿರಲಿಲ್ಲ. ಶಾಂತಮೂರ್ತಿಯ ಹೆಂಡತಿ ಶಿವರತ್ನಮ್ಮ ಭಾನುವಾರ ಬೆಳಿಗ್ಗೆ ಮನೆಯಲ್ಲೇ ಇದ್ದೆ ಎಂದು, ಆಸ್ಪತ್ರೆಗೆ ಹೋಗಿದ್ದ ಮಹಿಳಾ ಪೇದೆ ರತ್ನಳ ಮುಂದೆ ಹೇಳಿಕೆ ಕೊಟ್ಟಿದ್ದಳು. ಅದನ್ನು ನೋಡಿದವರು ಯಾರೂ ಇರಲಿಲ್ಲ.

"ಶಿವರತ್ನಮ್ಮ ಈಗ ಎಲ್ಲಿದ್ದಾರೆ?"

"ಸ್ನಾನ ಮಾಡ್ಕಂಡು ಓಯ್ತೀನಿ ಅಂತ ಬೆಳಿಗ್ಗೆ ಆಸ್ಪತ್ರೆಯಿಂದ ಕೊಳ್ಳೇಗಾಲದ ಮನೆಗೆ ಬಂದವ್ರೆ ಮೇಡಂ."

"ರತ್ನನ್ನ ಕಳಿಸಿ. ಜೀಪಲ್ಲಿ ಇಲ್ಲಿಗೇ ಕರ್ಕೊಂಡು ಬರ್ಲಿ. ಯಾಕೆ ಅಂತ ಹೇಳೋದು ಬೇಡ. ಈ ಮರಳನ್ನ ಯಾರೂ ಮುಟ್ಟಬಾರ್ದು, ನೀವು ಇಲ್ಲೇ ನಿಂತಿರಿ."

ಪೇದೆ ರತ್ನ ಜೀಪು ಹತ್ತಿದ್ದು ಕಂಡ ಮೇಲೆ ಪದ್ಮಿನಿ ದಿಬ್ಬ ಇಳಿಯತೊಡಗಿದಳು. ಮಾರಯ್ಯ ಹಿಂದೆಯೇ ಬಂದ.

"ಮೇಡಮ್ಮೋರೆ, ಒಂದ್ ಮಾತು ಏಳ್ತೀನಿ. ಓದ್ ಯುಗಾದಿ ಆಟ್ದಲ್ಲಿ ಪ್ರಭುಸ್ವಾಮಿ ಗೆಲ್ಲೋದ್ರಲ್ಲಿದ್ದ. ಪೊದೆ ಒಳ್ಗೆ ಯಾರೂ ನೋಡ್ದಿರೋ ತಾವ್ನಲ್ಲಿ ಅವ್ನ ಕಾಲು ತಾಕಿ ಬಾಲು ಒಂದ್ ಗೇಣು ಉಳ್ಳ್ತಂತೆ. ತಾನೇ ಈಚ್ಗೆ ಬಂದು ಏಳಿ, ಒಂದ್ ಏಟು ಜಾಸ್ತಿ ಬರ್ಸ್ಕಂಡು, ಗೆದ್ದೋರ್ಗೆ ಕೊಡೋ ಕಪ್ಪು ಕಳ್ಕಂಡ. ಅಂತಾವ್ನು ಸುಳ್ಳು ಏಳ್ತಾನೆ ಅಂದ್ರೆ..."

"ಅಂಥವನು ಸುಳ್ಳು ಹೇಳಿದ್ದಾನೆ ಮಾರಯ್ಯನೋರೆ. ಅದಕ್ಕೇ ನನಗೆ ನಿಲ್ಲೋಕಾಗ್ತಿಲ್ಲ."

ಮೈದಾನದ ಮೂಲೆಯಲ್ಲಿ ತಗಡಿನ ಒಂದು ಶೆಡ್ಡು. ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಮಾರಯ್ಯ ತಾನೇ ಬರೆದ ನಿಯಮಗಳು. 'ಹೊಡೆಯುವವರ ಎದುರು ನಿಲ್ಲಬೇಡಿ.' 'ಬಾಲು ಜನರ ಕಡೆ ಹೋದರೆ ಗಂಟಲು ಹರಿಯುವಂತೆ ಕೂಗಿ.' 'ಜೊತೆಗಾರ ಹೊಡೆಯುವಾಗ ಮಾತು ಬೇಡ, ನೆರಳೂ ಬೇಡ.' 'ಕೋಪ ಬಂದರೆ ಸ್ಟಿಕ್ಕು ಕೆಳಗಿಡಿ.' ಹೀಗೆ ಇಪ್ಪತ್ತೊಂದು ಸಾಲು.

ಅದರ ಕೆಳಗಿನ ಬೆಂಚಿನಲ್ಲಿ ಪ್ರಭುಸ್ವಾಮಿ ಕೂತಿದ್ದ. ಯಳಂದೂರಿನಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡ ಐವತ್ತರ ಆಸಾಮಿ. ಹಣೆಯಲ್ಲಿ ವಿಭೂತಿ, ತೊಡೆಯ ಮೇಲೆ ಒಂದು ಕೈಚೀಲ. ಚೀಲದ ಬಾಯಿಂದ ಟವೆಲು, ಎರಡು ಜೊತೆ ಬಟ್ಟೆ, ಬಿ.ಪಿ. ಮಾತ್ರೆಯ ಹಾಳೆ ಕಾಣುತ್ತಿದ್ದವು. ಜೈಲಿಗೆ ಸಿದ್ಧವಾಗಿಯೇ ಬಂದಿದ್ದ.

"ಓಗೋಣ್ವಾ ಮೇಡಂ?" ಎಂದು ಎದ್ದ.

"ಕೂತ್ಕೊಳ್ಳಿ. ಭಾನುವಾರದ ಆಟ ಇನ್ನೊಂದು ಸಲ ಹೇಳಿ."

"ಎಷ್ಟ್ ಸಲ ಏಳ್ಳಿ? ಐದ್ನೇ ಕುಳಿ. ಶಾಂತಮೂರ್ತಿ ಮುಂದೆ ಓಗಿದ್ರು. ನಾನು ನೋಡ್ದೆ ಒಡ್ದೆ. ಬಾಲು ಅವ್ರ ತಲೆಗೆ ಬಡೀತು."

"ಕೂಗಿದ್ರಾ?"

"ಇಲ್ಲ. ನಂದೇ ತಪ್ಪು."

"ಎರಡನೇ ಸಾಲು." ಪದ್ಮಿನಿ ಗೋಡೆಯ ಕಡೆ ಬೆರಳು ತೋರಿಸಿದಳು. "ಬಾಲು ಜನರ ಕಡೆ ಹೋದ್ರೆ ಕೂಗಬೇಕು. ಪೊದೆಯೊಳಗೆ ಒಂದು ಗೇಣು ಉರುಳಿದ ಬಾಲಿಗೆ ಕಪ್ಪು ಬಿಟ್ಟುಕೊಟ್ಟವರು, ಕಣ್ಣೆದುರಿಗೇ ಮನುಷ್ಯ ಇದ್ದಾಗ ಕೂಗಲಿಲ್ವಾ?"

ಪ್ರಭುಸ್ವಾಮಿ ಬಾಗಿಲಲ್ಲಿ ನಿಂತಿದ್ದ ಮಾರಯ್ಯನ ಕಡೆ ನೋಡಿ ತಲೆ ತಗ್ಗಿಸಿದ.

"ಆಮೇಲೆ ಆಟ ಆಡಿದ್ರಾ?"

"ಆಮ್ಯಾಲೆ ಎಂಗ್ ಆಡ್ಲಿ ಮೇಡಂ? ಮನ್ಷ ಬಿದ್ದವ್ರೆ!"

ಪದ್ಮಿನಿ ಕಾರ್ಡನ್ನು ಬೆಂಚಿನ ಮೇಲೆ, ಅವನ ಚೀಲದ ಪಕ್ಕ ಇಟ್ಟಳು.

"ನಿಮ್ಮ ಕಾರ್ಡು. ಶಾಂತಮೂರ್ತಿ ಕೈಬರಹ. ಆರನೇ ಕುಳಿಗೆ ನಾಲ್ಕು ಏಟು, ಏಳನೇದಕ್ಕೆ ಐದು. ತಲೆ ಒಡೆದು ಬಿದ್ದವರು ಎದ್ದು ಬಂದು ಬರೆದ್ರಾ?"

ಪ್ರಭುಸ್ವಾಮಿ ಕಾರ್ಡು ಮುಟ್ಟಲಿಲ್ಲ. ಅದನ್ನೇ ನೋಡುತ್ತ ಕೂತ.

"ನಂದು ಅವ್ರ ಜೇಬಲ್ಲಿತ್ತು ಅನ್ನೋದೇ ಮರ್ತೋಯ್ತು," ಎಂದ ಕೊನೆಗೆ. ತನಗೆ ತಾನೇ ಹೇಳಿಕೊಂಡಂತೆ.

"ಏಳನೇ ಕುಳಿ ಹತ್ರ ಏನಾಯ್ತು?"

"ನನ್ನೇ ಅರೆಸ್ಟ್ ಮಾಡ್ಕಳಿ ಮೇಡಂ. ಒಪ್ಕಂಡಿವ್ನಲ್ಲ. ಬೇರೆ ಕೇಳ್ಬ್ಯಾಡಿ."

"ಯಾರದೋ ತಪ್ಪು ನೀವು ಹೊತ್ಕೊಂಡು ಹೋದ್ರೆ ಆ ಮನುಷ್ಯನಿಗೇನು ಉಪಕಾರ? ತಲೆ ಒಳಗೆ ರಕ್ತ ಕಟ್ಟಿ, ಆಪರೇಷನ್ ಆಗಿ, ಇನ್ನೂ ಕಣ್ಣು ಬಿಟ್ಟಿಲ್ಲ. ಹೋಗಿಬಿಟ್ರೆ ಇದು ಕೊಲೆ ಕೇಸು. ಆಗ ಈ ಮೈದಾನಕ್ಕೆ ಬೀಗ. ಈ ಮುದುಕರನ್ನೂ ಕೋರ್ಟಿಗೆ ಅಲೆಸ್ತಾರೆ."

ಮಾರಯ್ಯ ಒಳಗೆ ಬಂದ. ಪ್ರಭುಸ್ವಾಮಿಯ ಮುಂದೆ ನೆಲದಲ್ಲೇ ಕೂತ.

"ನನ್ನ ಮೈದಾನಕ್ಕೆ ಬೀಗ ಬಿದ್ರೆ ಬೀಳ್ಲಿ ಸ್ವಾಮಿ," ಎಂದ. "ಆದ್ರೆ ನೀನು ಸುಳ್ಳು ಏಳ್ಬಾರ್ದು ಕಣಪ್ಪ. ಈ ಗೋಡೆ ಮ್ಯಾಲೆ ಬರ್ದಾಗ ನನ್ನ ಪಕ್ಕ ನಿಂತು ಬಣ್ಣ ಇಡ್ಕಂಡಿದ್ದೋನು ನೀನೇ."

ಹೊರಗೆ ಬಿಸಿಲು ಏರುತ್ತಿತ್ತು, ತಗಡು ಆಗಾಗ ಚಟ್ ಎನ್ನುತ್ತಿತ್ತು. ಪದ್ಮಿನಿ ಕಾದಳು. ಕೈಬೆರಳು ಮಾತ್ರ ಸುಮ್ಮನಿರದೆ ಫೈಲಿನ ದಾರವನ್ನು ಸುತ್ತುತ್ತಿದ್ದವು, ಬಿಚ್ಚುತ್ತಿದ್ದವು.

"ಅಲ್ಲಿ ಮೂರನೇ ಜನ ಇದ್ರು," ಎಂದಳು. "ಹೆಂಗಸು. ಗಿಳಿ ಹಸಿರು ಸೀರೆ. ಶಾಂತಮೂರ್ತಿ ಹೆಂಡತಿ ಅಲ್ವಾ?"

ಪ್ರಭುಸ್ವಾಮಿ ತಟ್ಟನೆ ತಲೆಯೆತ್ತಿದ. ಆ ನೋಟದಲ್ಲೇ ಉತ್ತರವಿತ್ತು.

"ನಿಮ್ಗೆ ಗೊತ್ತಾಗೋಯ್ತಾ?"

"ಹೇಳಿ."

"ನಾನಾಗಿ ಏಳ್ಳಿಲ್ಲ. ಅದ ನೆಪ್ಪಿಟ್ಕಳಿ." ಅವನು ಟವೆಲು ಎಳೆದು ಮುಖ ಒರೆಸಿಕೊಂಡ. "ಆರ್ನೇ ಕುಳೀಲಿ ಇದ್ವಿ. ದಿಬ್ಬ ಅತ್ಕಂಡು ಆಯಮ್ಮ ಬಂದ್ರು. ಶಾಂತಮೂರ್ತಿ ಮುಖ ಬಿಳಿಚ್ಕತು. ಯಾರು ಅಂದೆ. ನಮ್ಮನೆಯವ್ರು ಅಂದ್ರು. ನಾನು ಕೈ ಮುಗ್ದೆ. ಆಯಮ್ಮ ಮುಗೀಲಿಲ್ಲ."

"ಮೊದಲು ನೋಡಿರಲಿಲ್ವಾ ಅವರನ್ನ?"

"ಎಲ್ಲಿ ನೋಡ್ಲಿ? ಅವ್ರು ಸೇರಿ ಎಂಟ್ ತಿಂಗ್ಳು. ಭಾನ್ವಾರ ಇಲ್ಲಿ ಸೇರ್ತೀವಿ, ಆಡ್ತೀವಿ, ಅವ್ರು ಕೊಳ್ಳೇಗಾಲಕ್ಕೆ, ನಾನು ಯಳಂದೂರ್ಗೆ. ಮನೆ ಕಡೆ ಓಗಿಲ್ಲ."

"ಆಮೇಲೆ?"

"ಏಳ್ನೇ ಕುಳಿ ಆಡಿದ್ವಿ. ನಿಲ್ಸೋಣ ಅಂದೆ, ಬ್ಯಾಡ ಅಂದ್ರು. ನನ್ನ ಏಟು ಬರ್ಕಂಡು ಕಾರ್ಡು ಜೇಬಿಗೆ ಇಟ್ಕಂಡ್ರು. ಆಗ ಆಯಮ್ಮ ಮರಳ ಮ್ಯಾಲೇ ಬಂದು, ಇವತ್ತು ಒಂದು ತೀರ್ಮಾನ ಏಳಿ ಅಂದ್ರು. ಗಂಡ ಎಂಡ್ತಿ ಮಾತಲ್ವಾ. ನಾನು ಮೂವತ್ತ್ ಎಜ್ಜೆ ದೂರ ಓಗಿ ಬೆನ್ನು ತಿರ್ಗಿಸ್ಕಂಡು ನಿಂತ್ಕಂಡೆ."

ಮಾರಯ್ಯ ಅವನ ಮೊಣಕಾಲ ಮೇಲೆ ಕೈ ಇಟ್ಟ.

"ಒಂದು ಸದ್ದು ಕೇಳ್ತು. ತಿರ್ಗಿ ನೋಡಿದ್ರೆ ಶಾಂತಮೂರ್ತಿ ತಲೆ ಇಡ್ಕಂಡು ನಿಂತವ್ರೆ. ಅವ್ರ ಸ್ಟಿಕ್ಕು ಮರಳ ಮ್ಯಾಲೆ ಬಿದ್ದದೆ. ಆಯಮ್ಮ ಓಡ್ತಾವ್ರೆ. ನಾನೂ ಇಂದ್ಗುಟ್ಟೆ ಓಡೋಕೆ ಓದೆ. ಬ್ಯಾಡ ಪ್ರಭು, ಬುಡು ಅಂದ್ರು."

"ಎಚ್ಚರ ಇತ್ತಾ?"

"ಚೆನ್ನಾಗೇ ಇದ್ರು ಮೇಡಂ! ಏನಾಗಿಲ್ಲ, ಒಸಿ ಊದದೆ ಅಷ್ಟೆ ಅಂದ್ರು. ನಕ್ಕರು ಕೂಡ. ಆಮ್ಯಾಲೆ ನನ್ನ ಕೈ ಇಡ್ಕಂಡು, ಮನೆ ಮಾನ ಪ್ರಭು, ಯಾರ್ಗೂ ಏಳ್ಬ್ಯಾಡ, ಐದ್ನೇ ಕುಳಿ ತಾವು ನಿನ್ನ ಬಾಲು ಕಳ್ದೋಯ್ತಲ್ಲ, ಅದೇ ಬಡೀತು ಅನ್ನು ಅಂದ್ರು. ಮಾತು ತಕಂಡ್ರು. ಇಬ್ರೂ ಮಾತಾಡ್ಕಂಡೇ ಐದ್ನೇ ಕುಳಿ ತಂಕ ನಡ್ದು ಬಂದ್ವಿ. ಅಲ್ಲಿ ಕೂತ್ರು. ನನ್ನ ಬಾಲ ಉಡುಕ್ತಾ ಇದ್ದೆ. ಸಿಕ್ತು ಕಣ್ರಿ ಅಂತ ತಿರ್ಗಿದೆ. ಅಷ್ಟೊತ್ಗೆ..."

ಅವನು ಕೈಚೀಲವನ್ನು ಎದೆಗೆ ಅವುಚಿಕೊಂಡು ಅತ್ತ. ದೊಡ್ಡ ಮೈಯ ಮನುಷ್ಯ, ಅಳುವುದು ಅಭ್ಯಾಸವಿಲ್ಲದವನ ಅಳು.

"ಆಗ್ಲೇ ಆಸ್ಪತ್ರೆಗೆ ಕರ್ಕಂಡು ಓಗಿದ್ರೆ ಇಂಗಾಯ್ತಿರ್ಲಿಲ್ಲ ಅಲ್ವಾ ಮೇಡಂ? ಮಾತು ಮಾತು ಅಂತ ನಾನು ಆ ಪುಣ್ಯಾತ್ಮನ್ನ ನಡೆಸ್ಕಂಡು ಬಂದೆ."

ಪದ್ಮಿನಿಗೆ ಸುಳ್ಳು ಸಮಾಧಾನ ಹೇಳುವುದು ಬರುತ್ತಿರಲಿಲ್ಲ. ತಲೆಯ ಏಟು ಹೀಗೆ ಸ್ವಲ್ಪ ಹೊತ್ತು ಮನುಷ್ಯನನ್ನು ನಗಿಸಿ, ಆಮೇಲೆ ಬೀಳಿಸುತ್ತದೆ ಎಂದು ಡಾಕ್ಟರು ಸೋಮವಾರ ಹೇಳಿದ್ದರು. ಅವಳು ನೀರಿನ ಬಾಟಲಿ ಅವನ ಮುಂದೆ ಇಟ್ಟಳು.

"ಆ ಸ್ಟಿಕ್ಕು ಎಲ್ಲಿ?"

"ಒರೆಸಿ ಅವ್ರ ಬ್ಯಾಗಲ್ಲೇ ಇಟ್ಟೆ."

"ಸಾಕ್ಷಿ ಒರೆಸಿದ್ದೀರಿ ಪ್ರಭುಸ್ವಾಮಿ. ಅದಕ್ಕೂ ಶಿಕ್ಷೆ ಇದೆ."

"ಕೊಡಿ. ಆದ್ರೆ ಆಯಮ್ಮನ್ನ ಎಳ್ಕಂಡು ಬರ್ಬ್ಯಾಡಿ ಮೇಡಂ. ಅವ್ರು ಎದ್ದ್ಮ್ಯಾಲೆ ಅವ್ರೇ ಏಳ್ಲಿ. ನಾನು ಮಾತು ಕೊಟ್ಟಿವ್ನಿ."

"ಈಗಾಗಲೇ ಬರ್ತಿದ್ದಾರೆ."

ಅವಳ ಮಾತು ಮುಗಿಯುವಷ್ಟರಲ್ಲೇ ಜೀಪಿನ ಸದ್ದು ಕೇಳಿಸಿತು. ಎರಡು ದಿನದಿಂದ ಪದ್ಮಿನಿಯ ಎದೆಯಲ್ಲಿ ಕೊರೆಯುತ್ತಿದ್ದದ್ದು ಈಗ ತಣ್ಣಗಾಗಬೇಕಿತ್ತು. ಆಗಲಿಲ್ಲ. ಎಲ್ಲ ಸರಿಯಾಗಿಯೇ ಕೂಡಿ ಬಂದಿತ್ತು, ಆದರೂ ಎಲ್ಲೋ ಒಂದು ಎಳೆ ಸಡಿಲವಾಗಿರುವಂತೆ ಅನಿಸುತ್ತಿತ್ತು. ಏನು ಎಂದು ತಿಳಿಯಲಿಲ್ಲ. ಎದ್ದು ಬಾಗಿಲ ಕಡೆ ಎರಡು ಹೆಜ್ಜೆ ಹೋದಳು, ಮತ್ತೆ ಬಂದಳು.

ರತ್ನಳ ಹಿಂದೆ ಒಬ್ಬ ಹೆಂಗಸು ಒಳಗೆ ಬಂದಳು. ಐವತ್ತೈದು ದಾಟಿದ ವಯಸ್ಸು, ಸ್ಥೂಲ ಮೈ, ಒದ್ದೆ ಕೂದಲು ಗಂಟು ಕಟ್ಟಿದ್ದಳು. ಎರಡು ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಕಾಲು ಬಾತಿತ್ತು. ಒಂದೊಂದು ಹೆಜ್ಜೆಯನ್ನೂ ಎಣಿಸಿ ಇಡುತ್ತಿದ್ದಳು.

ಪ್ರಭುಸ್ವಾಮಿ ಕಣ್ಣೊರೆಸಿಕೊಂಡು ಎದ್ದ. ಚೀಲ ಪಕ್ಕಕ್ಕೆ ಸರಿಸಿ ಬೆಂಚಿನಲ್ಲಿ ಜಾಗ ಮಾಡಿದ.

"ಕೂತ್ಕಳಿ ಅವ್ವ, ಕಾಲು ನೋಯ್ತದೆ," ಎಂದ. ಆಮೇಲೆ ಪದ್ಮಿನಿಯ ಹತ್ತಿರ ಬಂದು ದನಿ ತಗ್ಗಿಸಿದ. "ಯಾರ್ ಮೇಡಂ ಇವ್ರು? ಶಾಂತಮೂರ್ತಿ ಅವ್ರ ಅಕ್ಕಾನಾ?"

ಪದ್ಮಿನಿ ಅವನನ್ನೇ ನೋಡಿದಳು. ನಾಟಕವಾಡುವ ಮುಖವಲ್ಲ ಅದು.

"ಇವರು ಶಿವರತ್ನಮ್ಮ," ಎಂದಳು ನಿಧಾನವಾಗಿ. "ಶಾಂತಮೂರ್ತಿ ಹೆಂಡತಿ."

ಪ್ರಭುಸ್ವಾಮಿ ಒಂದು ಹೆಜ್ಜೆ ಹಿಂದಕ್ಕೆ ಹೋದ. ಬೆನ್ನು ಗೋಡೆಗೆ ತಾಗಿತು. ಕೈ ಎತ್ತಿ ಬೇಡ ಎನ್ನುವಂತೆ ಆಡಿಸಿದ.

"ಇವ್ರಲ್ಲ," ಎಂದ. "ಮೇಡಂ, ಇವ್ರಲ್ಲ. ಆಯಮ್ಮಂಗೆ ಮೂವತ್ತೈದೂ ಆಗಿರ್ಲಿಲ್ಲ."

ಮಾರಯ್ಯ ನೆಲದ ಮೇಲಿಂದ ಏಳಲು ಹೋದವನು ಅಲ್ಲೇ ಉಳಿದ.

ಶಿವರತ್ನಮ್ಮ ಪ್ರಭುಸ್ವಾಮಿಯ ಮುಖ ನೋಡಿದಳು, ರತ್ನಳ ಮುಖ ನೋಡಿದಳು. ಕೊನೆಗೆ ಪದ್ಮಿನಿಯ ಕಡೆ ತಿರುಗಿದಳು. ಒದ್ದೆ ಗಂಟಿನಿಂದ ನೀರು ಹನಿದು ರವಿಕೆಯ ಹೆಗಲು ನೆನೆಯುತ್ತಿತ್ತು.

"ನಮ್ಮೆಜಮಾನ್ರ ಎಂಡ್ತಿ ನಾನು," ಎಂದಳು. "ನಾನಲ್ಲ ಅಂತಾವ್ರಲ್ಲ ಇವ್ರು... ಇನ್ಯಾರು ಮತ್ತೆ?"